ಜೋಳದ ಕರಾರಿನಲ್ಲಿ ಮಣ್ಣಿಗೂ ಹಕ್ಕಿಗೂ ಜಾಗ ಎಲ್ಲಿ?

ಜೋಳದ ವಿಷಯದಲ್ಲಿ ಪರಿಸರದ ಮಾತು ಎತ್ತಿದರೆ ಜನಕ್ಕೆ ಸ್ವಲ್ಪ ಆಶ್ಚರ್ಯ. ಕಬ್ಬಿನ ಬಗ್ಗೆ ಹೇಳಿ, ಭತ್ತದ ಬಗ್ಗೆ ಹೇಳಿ, ಪಾಪ ಜೋಳ ಏನು ಮಾಡಿದೆ ಅಂತ ಕೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಬೆಳೆಯ ಅವಧಿಗೆ 450ರಿಂದ 650 ಮಿಲಿಮೀಟರ್ ನೀರು ಸಿಕ್ಕರೆ ಜೋಳ ಚೆನ್ನಾಗಿ ಬರುತ್ತದೆ. ಮಳೆ ಕೈಕೊಟ್ಟರೆ ಎಲೆ ಸುರುಳಿ ಸುತ್ತಿಕೊಂಡು, ಬೆಳೆಯುವುದನ್ನೇ ನಿಲ್ಲಿಸಿ ಕಾಯುತ್ತದೆ, ಮತ್ತೆ ಹದವಾದ ಮೇಲೆ ಮುಂದುವರಿಯುತ್ತದೆ. ಸುಡಾನ್ ಕಡೆಯ ಒಣ ಬಯಲಿನಲ್ಲಿ 5000 ವರ್ಷಕ್ಕೂ ಹಿಂದೆ ಪಳಗಿದ ಬೆಳೆ ಇದು, ಬರಗಾಲ ಅದಕ್ಕೆ ಹೊಸದಲ್ಲ.

ಹಾಗಾಗಿ ಬೆಳೆಯ ಮೇಲೆ ನನಗೆ ದೂರಿಲ್ಲ. ನನ್ನ ತಕರಾರು ಇರುವುದು ಅದನ್ನು ಯಾವ ಕರಾರಿನ ಮೇಲೆ ಬೆಳೆಯುತ್ತಾರೆ ಅನ್ನುವುದರ ಬಗ್ಗೆ.

ಗುತ್ತಿಗೆ ಕೃಷಿ ಅಂದರೆ ಏನು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತು, ಆದರೂ ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ. ಕಂಪನಿ ಬೀಜ, ಗೊಬ್ಬರ, ಔಷಧಿ ಸಾಲದ ಮೇಲೆ ಕೊಡುತ್ತದೆ. ಬೆಲೆ ಮೊದಲೇ ನಿಗದಿ. ಬೆಳೆ ಬಂದ ಮೇಲೆ ಕಾಳು ತೂಗಿಸಿಕೊಂಡು, ಸಾಲ ಮುರಿದುಕೊಂಡು, ಉಳಿದದ್ದನ್ನು ರೈತರಿಗೆ ಕೊಡುತ್ತದೆ. ಜೋಳಕ್ಕೆ ಇಂಥ ಗಿರಾಕಿಗಳು ಯಾರು? ಬಿಯರ್ ಕಂಪನಿಗಳು, ಮದ್ಯ ತಯಾರಕರು, ಪಿಷ್ಟ ತೆಗೆಯುವವರು, ಪಶು ಆಹಾರದವರು, ಎಥನಾಲ್‌ನವರು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್, ಅಂದರೆ ಬಿಯರ್‌ಗೆ ಅಂತ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಆಮದು ನಿಷೇಧಿಸಿದಾಗ ಅಲ್ಲಿನ ಬಿಯರ್ ಕಾರ್ಖಾನೆಗಳು ಬೇರೆ ದಾರಿಯಿಲ್ಲದೆ ಜೋಳಕ್ಕೆ ಬಂದವು. ಉಗಾಂಡಾದಲ್ಲಿ 2002ರಲ್ಲಿ ಈಗಲ್ ಲಾಗರ್ ಬಂತು, ಕೀನ್ಯಾದಲ್ಲಿ 2004ರಲ್ಲಿ ಸೆನೆಟರ್ ಕೆಗ್ ಬಂತು. ಸಣ್ಣ ರೈತರ ಜೋಳದ ಮೇಲೆ ನಿಂತ ಬಿಯರ್‌ಗಳು ಇವು. ಚೀನಾದ ಬೈಜಿಯು ಮದ್ಯಕ್ಕಂತೂ ಜೋಳವೇ ಮೂಲ.

ಈಗ ಇಂಥ ಯೋಜನೆ ಪರಿಸರಕ್ಕೆ ಒಗ್ಗುವಂತೆ ಇರಬೇಕು ಅಂದ ಕೂಡಲೇ ಏನು ಮಾಡುತ್ತಾರೆ? ತರಬೇತಿ ಶಿಬಿರ. ಗೋಡೆಗೆ ಪೋಸ್ಟರ್. ರೈತರಿಗೆ ಒಂದು ಟೋಪಿ, ಒಂದು ಪ್ರಮಾಣಪತ್ರ. ಸುಮ್ನೆ ಹೇಳುತ್ತಿಲ್ಲ, ಎಷ್ಟೋ ಯೋಜನೆಗಳು ಇಲ್ಲಿಗೇ ನಿಂತುಬಿಡುತ್ತವೆ. ರೈತರು ಶಿಬಿರದಲ್ಲಿ ಕೇಳಿದ್ದು ಒಂದು, ಕರಾರಿನಲ್ಲಿ ಸಹಿ ಹಾಕಿದ್ದು ಇನ್ನೊಂದು ಆದರೆ ಹೊಲದಲ್ಲಿ ನಡೆಯುವುದು ಯಾವುದು? ಸಹಿ ಹಾಕಿದ್ದು ತಾನೇ? ಹಣ ಇರುವುದು ಅಲ್ಲಿ. ಅದಕ್ಕೇ ಇವತ್ತು ನಾನು ಶಿಬಿರದ ವಿಷಯ ಬಿಟ್ಟು, ಕರಾರಿನ ಕಾಗದದಲ್ಲಿ ಯಾವ ಸಾಲು ಹೊಲಕ್ಕೆ ಏನು ಮಾಡುತ್ತದೆ ಅಂತ ನೋಡೋಣ ಅಂದುಕೊಂಡಿದ್ದೇನೆ.

ಮೊದಲು ಬಣ್ಣದ ಸಾಲು. "ಕಾಳು ಬಿಳಿಯಾಗಿರಬೇಕು" ಅಂತ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಇದರಲ್ಲಿ ಪರಿಸರ ಎಲ್ಲಿ ಬಂತು ಅನ್ನಿಸಬಹುದು. ಬಂದಿದೆ, ಸ್ವಲ್ಪ ಸುತ್ತಿಕೊಂಡು ಬಂದಿದೆ.

ಕೆಲವು ಜೋಳದ ತಳಿಗಳ ಕಾಳಿನಲ್ಲಿ ಸಿಪ್ಪೆಯ ಕೆಳಗೆ ಒಂದು ಗಾಢ ಬಣ್ಣದ ಪದರ ಇರುತ್ತದೆ. ಅದರಲ್ಲಿ ಟ್ಯಾನಿನ್. ಬಾಯಿಗೆ ಹಾಕಿಕೊಂಡರೆ ಒಗರು. ಈ ಒಗರು ಹಕ್ಕಿಗೂ ಹಿಡಿಸುವುದಿಲ್ಲ, ಬೂಷ್ಟಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುವ ವಸ್ತು, ಮಾಲ್ಟ್ ಮಾಡುವಾಗ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಬಿಯರ್‌ನವರಿಗೆ ಬೇಡ, ಕೋಳಿ ಆಹಾರದವರಿಗೂ ಬೇಡ. ಹಾಗಾಗಿ ಅವರು ಬಿಳಿ ಕಾಳು ಕೇಳುತ್ತಾರೆ. ಒಗರಿಲ್ಲದ ಬಿಳಿ ಜೋಳವನ್ನು ಸಾವಿರಾರು ಎಕರೆಯಲ್ಲಿ ಒಟ್ಟಿಗೆ ಬೆಳೆದರೆ ಹಕ್ಕಿಗಳಿಗೆ ಹಬ್ಬ.

ಆಫ್ರಿಕಾದಲ್ಲಿ ಕ್ವೀಲಿಯಾ ಅಂತ ಒಂದು ಹಕ್ಕಿ ಇದೆ. ಗುಬ್ಬಚ್ಚಿಯಷ್ಟೇ ಇರುತ್ತದೆ, ಕೊಕ್ಕು ಕೆಂಪು. ಒಂದೊಂದು ಹಕ್ಕಿ ದಿನಕ್ಕೆ ಸುಮಾರು 10 ಗ್ರಾಂ ಕಾಳು ತಿನ್ನುತ್ತದೆ. 10 ಗ್ರಾಂ ಏನು ಮಹಾ ಅನ್ನಬೇಡಿ, ಇವು ಲಕ್ಷಗಟ್ಟಲೆ ಒಟ್ಟಿಗೆ ಇಳಿಯುತ್ತವೆ. 20 ಲಕ್ಷದ ಹಿಂಡು ಇಳಿದರೆ ದಿನಕ್ಕೆ 20 ಟನ್. ಆಗ ಏನಾಗುತ್ತದೆ? ಹಕ್ಕಿ ಓಡಿಸಲು ಮಕ್ಕಳನ್ನು ಶಾಲೆ ಬಿಡಿಸಿ ಹೊಲದಲ್ಲಿ ನಿಲ್ಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹಕ್ಕಿಗಳು ರಾತ್ರಿ ಕೂರುವ ಜಾಗದ ಮೇಲೆ ವಿಮಾನದಿಂದ ಫೆಂಥಿಯಾನ್ ಅನ್ನುವ ವಿಷ ಸಿಂಪಡಿಸುತ್ತಾರೆ. ಅದು ಕ್ವೀಲಿಯಾ ಯಾವುದು, ಗೂಬೆ ಯಾವುದು ಅಂತ ನೋಡುವುದಿಲ್ಲ. ಸತ್ತ ಹಕ್ಕಿ ತಿಂದ ಹದ್ದು, ಗಿಡುಗಗಳೂ ಸಾಯುತ್ತವೆ. ಕಂಪನಿಯ ಪರಿಸರ ವರದಿಯಲ್ಲಿ ಈ ಸಿಂಪಡಣೆ ಕಾಣಿಸುವುದೇ ಇಲ್ಲ, ಯಾಕೆಂದರೆ ಸಿಂಪಡಿಸಿದ್ದು ಸರ್ಕಾರ. ಆದರೆ ಅದರ ಬೀಜ ಬಿದ್ದಿದ್ದು ಕರಾರಿನ ಬಣ್ಣದ ಸಾಲಿನಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಟ್ಯಾನಿನ್ ಬೇಡ ಅನ್ನುವುದೂ ಬಿಳಿಯೇ ಬೇಕು ಅನ್ನುವುದೂ ಒಂದೇ ಅಲ್ಲ. ಎಷ್ಟೋ ಕೆಂಪು ಜೋಳಗಳಲ್ಲಿ ಟ್ಯಾನಿನ್ ಇರುವುದೇ ಇಲ್ಲ, ಬಣ್ಣ ಬರೀ ಹೊರಸಿಪ್ಪೆಯಲ್ಲಿ. ಅದನ್ನು ಪತ್ತೆ ಮಾಡುವ ಪರೀಕ್ಷೆ ಎಷ್ಟು ಸುಲಭ ಅಂದರೆ, ಒಂದು ಗಾಜಿನ ಲೋಟದಲ್ಲಿ ಒಂದು ಹಿಡಿ ಕಾಳು ಹಾಕಿ, ಬಟ್ಟೆಗೆ ಹಾಕುವಂಥ ಬ್ಲೀಚ್‌ಗೆ ಒಂಚೂರು ಕ್ಷಾರ ಬೆರೆಸಿ, ಕಾಳು ಮುಳುಗುವಷ್ಟು ಸುರಿದು ಸುಮಾರು 20 ನಿಮಿಷ ಬಿಡುವುದು. ಬ್ಲೀಚ್ ಸಿಪ್ಪೆಯನ್ನು ತಿಂದುಹಾಕುತ್ತದೆ. ಟ್ಯಾನಿನ್ ಪದರ ಇರುವ ಕಾಳು ಕರ್ರಗೆ ಉಳಿಯುತ್ತದೆ, ಇಲ್ಲದ ಕಾಳು ಬೆಳ್ಳಗಾಗುತ್ತದೆ. ನೂರು ಕಾಳಿನಲ್ಲಿ ಕಪ್ಪಾಗಿದ್ದು ಎಷ್ಟು ಅಂತ ಎಣಿಸಿದರೆ ಆಯಿತು. ಖರೀದಿ ಕೇಂದ್ರದ ಮೇಜಿನ ಮೇಲೇ, ರೈತರ ಎದುರಿಗೇ ಮಾಡಬಹುದು. ಹೀಗಿರುವಾಗ ಕರಾರಿನಲ್ಲಿ ಬಣ್ಣ ಯಾಕೆ ಬರೆಯಬೇಕು? ಟ್ಯಾನಿನ್ ಕಾಳಿನ ಮಿತಿ ಬರೆಯಿರಿ. ತಳಿಗಳ ಆಯ್ಕೆ ಆಗ ಎಷ್ಟೋ ದೊಡ್ಡದಾಗುತ್ತದೆ, ಮಳೆಯಲ್ಲಿ ಬೂಷ್ಟು ಕಡಿಮೆ ಹಿಡಿಯುವ ಕೆಂಪು ತಳಿಗಳಿಗೂ ಜಾಗ ಸಿಗುತ್ತದೆ. ಇನ್ನು ಮಜಾ ನೋಡಿ, ಬೈಜಿಯು ಮಾಡುವವರಿಗೆ ಸ್ವಲ್ಪ ಟ್ಯಾನಿನ್ ಇದ್ದರೇ ಇಷ್ಟ, ಪರಿಮಳ ಬರುತ್ತದೆ ಅಂತಾರೆ. ಅಂದರೆ ಒಗರು ದೋಷವೋ ಗುಣವೋ ಅನ್ನುವುದನ್ನು ತೀರ್ಮಾನ ಮಾಡುವುದು ಗಿರಾಕಿ.

ಕೆಂಪಾಗಲಿ ಬಿಳಿಯಾಗಲಿ, ಒಗರಿಲ್ಲದ ಕಾಳಿಗೆ ಹಕ್ಕಿ ಬಂದೇ ಬರುತ್ತದೆ. ಹಾಗಾಗಿ ಊರಿನವರೆಲ್ಲ ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಬಿತ್ತುವಂತೆ ನೋಡಿಕೊಳ್ಳಬೇಕು. ಒಂಟಿಯಾಗಿ ಮೊದಲೇ ತೆನೆ ತುಂಬಿದ ಹೊಲ ಹಕ್ಕಿಗೆ ಪೂರ್ತಿ ಹೋಗುತ್ತದೆ, ಎಲ್ಲ ಒಟ್ಟಿಗೆ ತುಂಬಿದರೆ ನಷ್ಟ ಹಂಚಿಹೋಗುತ್ತದೆ. ಹಾಗೆ ಒಟ್ಟಿಗೆ ಬಿತ್ತಬೇಕು ಅಂದರೆ ಬೀಜ ಎಲ್ಲರ ಕೈಗೂ ಒಟ್ಟಿಗೆ ಬರಬೇಕು ಅಲ್ವಾ? ಬೀಜ ಬರುವ ದಿನದ ಕಥೆಯೇ ಬೇರೆ.

ಸುಳಿ ನೊಣ ನೋಡಿದ್ದೀರಾ? ನೊಣವನ್ನು ನೋಡದಿದ್ದರೂ ಅದು ಮಾಡುವ ಕೆಲಸ ನೋಡಿರುತ್ತೀರಿ. ಎಳೆ ಪೈರಿನ ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ, ಮರಿ ಹುಳು ಸುಳಿಯ ಬುಡಕ್ಕೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಸುತ್ತಲಿನ ಎಲೆ ಹಸಿರಾಗಿಯೇ ಇರುತ್ತದೆ, ನಡುವಿನ ಸುಳಿ ಮಾತ್ರ ಒಣಗಿರುತ್ತದೆ. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ. ಮೊಳಕೆ ಬಂದ ಮೊದಲ ನಾಲ್ಕು ವಾರ ಇದರ ಕಾಟ. ಮಳೆ ಶುರುವಾದ ಕೂಡಲೇ ಬಿತ್ತಿದವರು ಬಹುಪಾಲು ಪಾರಾಗುತ್ತಾರೆ, ಯಾಕೆಂದರೆ ಆಗ ನೊಣದ ಸಂಖ್ಯೆ ಇನ್ನೂ ಏರಿರುವುದಿಲ್ಲ. ಎರಡು ಮೂರು ವಾರ ತಡವಾಗಿ ಬಿತ್ತಿದ ಹೊಲಕ್ಕೆ ಜೋರಾಗಿ ಬೀಳುತ್ತದೆ.

ತಡ ಯಾಕಾಗುತ್ತದೆ? ರೈತರು ಸೋಮಾರಿಗಳು ಅಂತಲ್ಲ. ಸಾಲದ ಕಾಗದಪತ್ರ ಮುಗಿದಿಲ್ಲ, ಗೋದಾಮಿನಿಂದ ಲಾರಿ ಹೊರಟಿಲ್ಲ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ. ಬೀಜ ಬರುವಷ್ಟರಲ್ಲಿ ಹದ ಹೋಗಿರುತ್ತದೆ. ತಡವಾಗಿ ಬಿತ್ತಿದ್ದಕ್ಕೆ ನೊಣ ಬಿತ್ತು, ನೊಣ ಬಿತ್ತು ಅಂತ ಔಷಧಿ, ಆ ಔಷಧಿಯ ದುಡ್ಡೂ ರೈತರ ಲೆಕ್ಕದಲ್ಲೇ ಮುರಿದುಕೊಳ್ಳುತ್ತಾರೆ. ಇದಕ್ಕೆ ಹೆದರಿ ಕಂಪನಿಗಳು ಬೀಜಕ್ಕೇ ನಿಯೋನಿಕೋಟಿನಾಯ್ಡ್ ಲೇಪನ ಮಾಡಿ ಕೊಡುವುದುಂಟು. ಗಿಡದ ಮೈಯೆಲ್ಲ ಏರುವ ವಿಷ ಅದು. ಜೇನಿಗೆ ಅಪಾಯ ಅಂತ ಯುರೋಪಿಯನ್ ಒಕ್ಕೂಟ 2018ರಲ್ಲಿ ಅಂಥ ಮೂರನ್ನು ಬಯಲಿನ ಬೆಳೆಗೆ ಬಳಸದಂತೆ ನಿಷೇಧಿಸಿದೆ. ಜೋಳ ಗಾಳಿಯಿಂದ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಜೇನಿಗೂ ಅದಕ್ಕೂ ಏನು ಸಂಬಂಧ ಅಂತ ವಾದ ಮಾಡುವವರಿದ್ದಾರೆ. ಹೂವಾಡುವ ಹೊತ್ತಿಗೆ ಬೆಳಗ್ಗೆ ಒಮ್ಮೆ ಹೊಲಕ್ಕೆ ಹೋಗಿ ನೋಡಿ, ತೆನೆಯ ಮೇಲೆ ಜೇನುಹುಳುಗಳು ಪರಾಗ ಕೆರೆದುಕೊಳ್ಳುವುದು ಕಾಣುತ್ತದೆ.

ನಾನಾದರೆ ಕರಾರಿನಲ್ಲಿ ಹೀಗೆ ಬರೆಸುತ್ತೇನೆ: ಮಳೆಗಾಲ ಶುರುವಾಗುವ ಮೊದಲೇ ಬೀಜ ರೈತರ ಮನೆಯಲ್ಲಿರಬೇಕು, ತಡವಾದರೆ ಸುಳಿ ನೊಣದ ಖರ್ಚು ಕಂಪನಿಯದ್ದು. ಈ ಒಂದು ಸಾಲು ಎಷ್ಟು ಲೀಟರ್ ಔಷಧಿ ಉಳಿಸುತ್ತದೆ ನೋಡಿ. ಇನ್ನೊಂದು, ಬೀಜ ಸ್ವಲ್ಪ ಧಾರಾಳವಾಗಿ ಕೊಡಿ. ಸಾಲಿನಲ್ಲಿ ದಟ್ಟವಾಗಿ ಬಿತ್ತಿ, ಸುಳಿ ಸತ್ತ ಗಿಡ ಕಿತ್ತುಹಾಕಿ ಅಂತರ ಸರಿಮಾಡಿಕೊಳ್ಳುವುದು ಹಳೆಯ, ವಿಷವಿಲ್ಲದ ಉಪಾಯ. ಎಕರೆಗೆ ಇಷ್ಟೇ ಗ್ರಾಂ ಅಂತ ತೂಗಿ ಕೊಟ್ಟರೆ ಆ ಉಪಾಯ ನಡೆಯುವುದಿಲ್ಲ.

ಈಗ ಗೊಬ್ಬರ. ಇಲ್ಲಿ ಒಂಚೂರು ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ. ಜೋಳದ ಕಾಳಿನಲ್ಲಿ ಸುಮಾರು 10% ಪ್ರೋಟೀನ್ ಇರುತ್ತದೆ ಅಂದರೆ ಸಾರಜನಕ ಸುಮಾರು 1.6%. ಒಂದು ಟನ್ ಕಾಳು ಹೊಲದಿಂದ ಹೊರಗೆ ಒಯ್ಯುವುದು ಸುಮಾರು 16 ಕಿಲೋ ಸಾರಜನಕ. 50 ಕಿಲೋದ ಒಂದು ಮೂಟೆ ಯೂರಿಯಾದಲ್ಲಿ 23 ಕಿಲೋ ಇದೆ. ಪ್ಯಾಕೇಜ್ ಅಂತ ಹೆಕ್ಟೇರಿಗೆ ನಾಲ್ಕು ಮೂಟೆ ಕೊಟ್ಟರು ಅಂದುಕೊಳ್ಳಿ, 92 ಕಿಲೋ ಆಯಿತು. ಮಳೆ ಚೆನ್ನಾಗಿ ಬಂದು ನಾಲ್ಕು ಟನ್ ಇಳುವರಿ ಬಂದರೆ ಸರಿ. ಮಳೆ ಕೈಕೊಟ್ಟು ಒಂದೇ ಟನ್ ಬಂದರೆ? ಕಾಳಿಗೆ ಹೋಗಿದ್ದು 16, ದಂಟಿಗೆ ಇನ್ನೊಂದಿಷ್ಟು. ಮಿಕ್ಕಿದ್ದರಲ್ಲಿ ಸ್ವಲ್ಪ ಮಣ್ಣಲ್ಲಿ ನಿಲ್ಲುತ್ತದೆ, ಸ್ವಲ್ಪ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ, ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುವ ಅನಿಲ ಅದು. ಮೂಟೆಯ ಸಾಲ ಮಾತ್ರ ರೈತರ ತಲೆ ಮೇಲೆ ಹಾಗೇ ಉಳಿಯುತ್ತದೆ.

ತಮಾಷೆ ಅಂದರೆ ಬಿಯರ್‌ನವರಿಗೆ ಜಾಸ್ತಿ ಪ್ರೋಟೀನ್ ಇರುವ ಕಾಳು ಬೇಕಾಗಿಯೂ ಇಲ್ಲ. ಪ್ರೋಟೀನ್ ಏರಿದಷ್ಟು ಪಿಷ್ಟ ಇಳಿಯುತ್ತದೆ, ಬಿಯರ್ ಮಬ್ಬಾಗುತ್ತದೆ. ಯೂರಿಯಾ ಸುರಿದಷ್ಟೂ ಕಾಳಿನ ಪ್ರೋಟೀನ್ ಏರುತ್ತದೆ. ಅಂದರೆ ಖರೀದಿ ವಿಭಾಗಕ್ಕೆ ಬೇಡದ್ದನ್ನೇ ಅದೇ ಕಂಪನಿಯ ಗೊಬ್ಬರ ವಿಭಾಗ ಸಾಲ ಕೊಟ್ಟು ಮಾಡಿಸುತ್ತಿರುತ್ತದೆ. ಇಬ್ಬರೂ ಒಂದೇ ಕಟ್ಟಡದಲ್ಲಿ ಕೂತಿರುತ್ತಾರೆ!

ಪರಿಹಾರ ಕಷ್ಟದ್ದಲ್ಲ. ಬಿತ್ತುವಾಗ ಸ್ವಲ್ಪ, ಮೇಲುಗೊಬ್ಬರ ಮಳೆ ನೋಡಿಕೊಂಡು. ಮೇಲುಗೊಬ್ಬರದ ಮೂಟೆ ಬಾಯಿ ಬಿಚ್ಚದೆ ವಾಪಸ್ ತಂದರೆ ಪೂರ್ತಿ ಸಾಲ ಕಳೆಯಬೇಕು ಅಂತ ಕರಾರಿನಲ್ಲಿರಲಿ. ಈಗಿನ ಪದ್ಧತಿಯಲ್ಲಿ ಮೂಟೆ ಮನೆಗೆ ಬಂದ ಮೇಲೆ ಅದು ರೈತರದ್ದೇ, ಹಾಗಾಗಿ ಮಳೆ ಇರಲಿ ಬಿಡಲಿ ಎರಚಿಬಿಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಗೊಬ್ಬರದ ಮಾತು ಬಂದಾಗ ಜೋಳದ ಬೇರಿನ ಒಂದು ಗುಣ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಅದರ ಬೇರು ಸೋರ್ಗೋಲಿಯೋನ್ ಅನ್ನುವ ಎಣ್ಣೆಯಂಥ ವಸ್ತು ಒಸರುತ್ತದೆ. ಅದು ಎರಡು ಕೆಲಸ ಮಾಡುತ್ತದೆ. ಅಕ್ಕಪಕ್ಕದ ಸಣ್ಣ ಕಳೆಗಳನ್ನು ಏಳದಂತೆ ತಡೆಯುತ್ತದೆ. ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ನಿಧಾನ ಮಾಡುತ್ತದೆ. ಅಮೋನಿಯಂ ಮಣ್ಣಿಗೆ ಅಂಟಿಕೊಂಡಿರುತ್ತದೆ, ನೈಟ್ರೇಟ್ ನೀರಿನ ಜೊತೆ ಹೊರಟುಹೋಗುತ್ತದೆ. ಗೊಬ್ಬರ ಕಾಪಾಡುವ ವ್ಯವಸ್ಥೆ ಬೇರಿನಲ್ಲೇ ಇದೆ ಅಂತಾಯಿತು. ಜಪಾನಿನ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಜಿರ್ಕಾಸ್ ಇದರ ಮೇಲೆ ತುಂಬ ಕೆಲಸ ಮಾಡಿದೆ. ಎಲ್ಲ ತಳಿಗಳೂ ಒಂದೇ ಪ್ರಮಾಣದಲ್ಲಿ ಒಸರುವುದಿಲ್ಲ, ವ್ಯತ್ಯಾಸ ದೊಡ್ಡದು. ಗುತ್ತಿಗೆಗೆ ತಳಿ ಆರಿಸುವ ಕಂಪನಿ ಇಳುವರಿ ನೋಡುತ್ತದೆ, ಬಣ್ಣ ನೋಡುತ್ತದೆ, ಬೇರಿನ ಈ ಗುಣವನ್ನೂ ಯಾಕೆ ನೋಡಬಾರದು?

ಮುಂದಿನದು "ಒಂದೇ ಬೆಳೆ, ಅದೇ ಹೊಲ" ಅನ್ನುವ ಸಾಲು. ಕಂಪನಿಗೆ ಲೆಕ್ಕ ಸುಲಭ: ಈ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಜೋಳ, ಪ್ರತಿ ವರ್ಷ. ಅಂತರ ಬೆಳೆ ಹಾಕಿದರೆ ಕಾಳು ಬೆರಕೆ ಆಗುತ್ತದೆ ಅಂತ ಅದಕ್ಕೂ ಬೇಡ. ಇದರ ಫಲ ನೋಡಬೇಕಾದರೆ ಸ್ಟ್ರೈಗಾ ನೋಡಬೇಕು. ಚೆಂದದ ಹೂ ಬಿಡುವ ಕಳೆ, ಆದರೆ ಜೋಳದ ಬೇರಿಗೆ ತನ್ನ ಬೇರು ಚುಚ್ಚಿ ಬದುಕುವ ಜಾತಿ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಧೂಳಿನಂಥ ಬೀಜ, ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರಬಲ್ಲದು. ಜೋಳದ ಬೇರಿನಿಂದ ಬರುವ ಸ್ಟ್ರೈಗೋಲ್ಯಾಕ್ಟೋನ್ ಅನ್ನುವ ರಾಸಾಯನಿಕದ ಸುಳಿವು ಸಿಕ್ಕಿದ ಮೇಲೇ ಅದು ಮೊಳೆಯುವುದು. ಮಣ್ಣು ಬಡವಾದಷ್ಟೂ, ರಂಜಕ ಕಡಿಮೆಯಾದಷ್ಟೂ ಜೋಳ ಆ ರಾಸಾಯನಿಕವನ್ನು ಜಾಸ್ತಿ ಬಿಡುತ್ತದೆ. ಅಂದರೆ ಒಂದೇ ಹೊಲದಲ್ಲಿ ವರ್ಷವರ್ಷ ಜೋಳ ಹಾಕಿ ಮಣ್ಣು ಸವೆಸಿದವರು ಸ್ಟ್ರೈಗಾವನ್ನು ಕರೆದು ಕೂರಿಸಿದಂತೆ. ಇಥಿಯೋಪಿಯಾ ಮೂಲದ ವಿಜ್ಞಾನಿ ಗೆಬಿಸಾ ಎಜೆಟಾ ಈ ಕಳೆಗೆ ಬಗ್ಗದ ಜೋಳದ ತಳಿಗಳನ್ನು ರೂಪಿಸಿದರು, 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ತಳಿ ಒಂದರಿಂದಲೇ ಕೆಲಸ ಆಗುವುದಿಲ್ಲ, ಮಣ್ಣೂ ಸುಧಾರಿಸಬೇಕು.

ಅಲಸಂದೆ, ಶೇಂಗಾ, ಹತ್ತಿ ಇಂಥವು ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತವೆ, ಆದರೆ ಬದುಕಲು ಬೇರು ಕೊಡುವುದಿಲ್ಲ. ಮೊಳೆತದ್ದು ಹಾಗೇ ಸಾಯುತ್ತದೆ. ಪೂರ್ವ ಆಫ್ರಿಕಾದಲ್ಲಿ ಕೀಟ ಸಂಶೋಧನಾ ಸಂಸ್ಥೆ ಇಸಿಪೆಯವರು ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಮೇವಿನ ಗಿಡ, ಹೊಲದ ಅಂಚಿಗೆ ನೇಪಿಯರ್ ಹುಲ್ಲು ಹಾಕುವ ಪದ್ಧತಿ ಬೆಳೆಸಿದರು. ಡೆಸ್ಮೋಡಿಯಂ ವಾಸನೆಗೆ ಕಾಂಡ ಕೊರೆಯುವ ಹುಳುವಿನ ಪತಂಗ ದೂರ ಹೋಗುತ್ತದೆ, ಹುಲ್ಲು ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಸ್ಟ್ರೈಗಾನೂ ಅಡಗುತ್ತದೆ, ದನಕ್ಕೆ ಮೇವೂ ಸಿಗುತ್ತದೆ. ಇಷ್ಟೆಲ್ಲ ಒಳ್ಳೆಯದಿದ್ದರೂ ಗುತ್ತಿಗೆ ಹೊಲಕ್ಕೆ ಇದು ಹೊಂದಿಕೊಳ್ಳುವುದಿಲ್ಲ. ಯಾಕೆಂದರೆ ಡೆಸ್ಮೋಡಿಯಂ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವಂಥದ್ದು, ಕರಾರು ಇರುವುದು ಒಂದು ಹಂಗಾಮಿಗೆ. ಮುಂದಿನ ವರ್ಷ ಕಂಪನಿ ಬರುತ್ತದೋ ಇಲ್ಲವೋ ಗೊತ್ತಿಲ್ಲದವರು ಮೂರು ವರ್ಷಕ್ಕೆ ಫಲ ಕೊಡುವ ಕೆಲಸ ಯಾಕೆ ಮಾಡುತ್ತಾರೆ?

ಇದಕ್ಕೆ ನನ್ನ ಸಲಹೆ, ಹೊಲದ ಮೇಲೆ ಕರಾರು ಬೇಡ, ರೈತರ ಗುಂಪಿನ ಮೇಲೆ ಇರಲಿ. ಮೂವತ್ತು ಮನೆಯವರ ಗುಂಪು ವರ್ಷಕ್ಕೆ ಇಷ್ಟು ಟನ್ ಕೊಡುತ್ತೇವೆ ಅಂತ ಒಪ್ಪಿಕೊಳ್ಳಲಿ, ಯಾವ ವರ್ಷ ಯಾರ ಹೊಲದಲ್ಲಿ ಜೋಳ, ಯಾರ ಹೊಲದಲ್ಲಿ ಅಲಸಂದೆ ಅಂತ ಅವರೇ ಸರದಿ ಹಾಕಿಕೊಳ್ಳಲಿ. ಕಂಪನಿಗೆ ಸಿಗುವ ಟನ್ ಅಷ್ಟೇ. ಆದರೆ ಮಣ್ಣಿಗೆ ಬಿಡುವು ಸಿಗುತ್ತದೆ. ಅಲಸಂದೆಯನ್ನೂ ಕೊಳ್ಳುವವರನ್ನು ಕಂಪನಿಯೇ ಹುಡುಕಿಕೊಟ್ಟರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಸರದಿ ಕಾಗದದಲ್ಲೇ ಉಳಿಯುತ್ತದೆ.

ಕರಾರಿನ ಅವಧಿ ಎಷ್ಟು ಮುಖ್ಯ ಅನ್ನುವುದಕ್ಕೆ ಕೀನ್ಯಾದ ಕಥೆ ಸಾಕು. ಸೆನೆಟರ್ ಕೆಗ್ ಅಗ್ಗವಾಗಿದ್ದದ್ದೇ ಸರ್ಕಾರದ ತೆರಿಗೆ ರಿಯಾಯಿತಿಯಿಂದ. 2013ರಲ್ಲಿ ಆ ರಿಯಾಯಿತಿಯನ್ನು ಅರ್ಧಕ್ಕೆ ಇಳಿಸಿದರು. ಬಿಯರ್ ದುಬಾರಿಯಾಯಿತು, ಮಾರಾಟ ಕುಸಿಯಿತು, ಜೋಳದ ಖರೀದಿಯೂ ಕುಸಿಯಿತು. 2015ರಲ್ಲಿ ರಿಯಾಯಿತಿ ಮತ್ತೆ ಏರಿಸಿದರು. ನಡುವೆ ಸಿಕ್ಕಿಕೊಂಡವರು ರೈತರು. ಇಂಥ ಏರಿಳಿತ ಕಂಡವರಿಗೆ ಬದು ಹಾಕಿ, ಮರ ನೆಡಿ, ಮಣ್ಣಿನ ಸತ್ವ ಬೆಳೆಸಿ ಅಂತ ಹೇಳಿ ಪ್ರಯೋಜನವಿಲ್ಲ. ಕನಿಷ್ಠ ಮೂರು ನಾಲ್ಕು ವರ್ಷದ ಕರಾರು, ನಡುವೆ ಬಿಟ್ಟುಹೋದರೆ ಪರಿಹಾರ, ಇದು ಇಲ್ಲದೆ ಮಣ್ಣಿನ ಮಾತು ಆಡಬಾರದು ಅನ್ನುತ್ತೇನೆ ನಾನು.

ಮೇವಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜೋಳದ ಗಿಡ ಎಳೆದುಕೊಳ್ಳುವ ಪೊಟ್ಯಾಶ್‌ನ ಬಹುಪಾಲು ಕಾಳಿನಲ್ಲಿಲ್ಲ, ದಂಟು ಎಲೆಯಲ್ಲಿದೆ. ಕಂಪನಿ ದಂಟನ್ನೂ ಕೊಂಡುಹೋದರೆ ಆ ಪೊಟ್ಯಾಶ್ ಮತ್ತೆ ಹೊಲಕ್ಕೆ ಬರುವುದಿಲ್ಲ. ದನ ತಿಂದು ಗೊಬ್ಬರ ಹೊಲಕ್ಕೆ ಬಂದರೆ ಬೇರೆ ಮಾತು. ಇನ್ನೊಂದು ಕಡೆ, ಕಟಾವು ಯಂತ್ರಕ್ಕೆ ಅನುಕೂಲ ಅಂತ ಗಿಡ್ಡ ತಳಿ ಕೊಡುತ್ತಾರೆ. ಮೇವು ಅರ್ಧಕ್ಕರ್ಧ ಕಡಿಮೆಯಾದರೆ ರೈತರು ದನ ಮಾರುತ್ತಾರೆ, ಇಲ್ಲವೇ ಗೋಮಾಳ, ಕಾಡಿನ ಅಂಚಿಗೆ ಹೊಡೆಯುತ್ತಾರೆ. ಗುತ್ತಿಗೆ ಹೊಲ ಹಸಿರಾಗಿಯೇ ಇರುತ್ತದೆ, ಬೋಳಾಗುವುದು ಪಕ್ಕದ ಗುಡ್ಡ. ಹಾಗಾಗಿ ತಳಿ ಆರಿಸುವಾಗ ಕಾಳಿನ ತೂಕದ ಜೊತೆ ಮೇವಿನ ತೂಕವನ್ನೂ ಬರೆದಿಡಬೇಕು.

ತಳಿ ಒಂದೇ ಆಗಿರಬಾರದು ಅನ್ನುವುದಕ್ಕೆ ಬೇರೆ ಬೆಳೆಯ ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಮೆಕ್ಕೆಜೋಳದ ಬಹುತೇಕ ಹೈಬ್ರಿಡ್‌ಗಳಿಗೆ ತಾಯಿ ಕಡೆಯ ಮೂಲ ಒಂದೇ ಆಗಿಬಿಟ್ಟಿತ್ತು. 1970ರಲ್ಲಿ ಎಲೆ ಅಂಗಮಾರಿ ರೋಗ ಬಂದಾಗ ಆ ವರ್ಷದ ಬೆಳೆಯ ಸುಮಾರು 15% ಹೋಯಿತು. ಕರಾರಿನಲ್ಲಿ ಕನಿಷ್ಠ ಮೂರು ತಳಿಗೆ ಅವಕಾಶ ಇಡಿ, ಕೆಲವಾದರೂ ರೈತರು ಬೀಜ ಇಟ್ಟುಕೊಳ್ಳಬಹುದಾದಂಥವು ಇರಲಿ.

ಇದೆಲ್ಲದರ ಖರ್ಚು ಯಾರು ಕೊಡಬೇಕು ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ನಾನು ಹೇಳಿದ್ದರಲ್ಲಿ ಅರ್ಧಕ್ಕೆ ಖರ್ಚೇ ಇಲ್ಲ. ಬೀಜ ಸರಿಯಾದ ಹೊತ್ತಿಗೆ ಕೊಡುವುದು, ಬಣ್ಣದ ಬದಲು ಟ್ಯಾನಿನ್ ಬರೆಯುವುದು, ಮೂಟೆ ವಾಪಸ್ ತೆಗೆದುಕೊಳ್ಳುವುದು, ಇವಕ್ಕೆ ಬೇಕಾದದ್ದು ಪೆನ್ನು. ಮಿಕ್ಕಿದ್ದಕ್ಕೆ ಕಂಪನಿ ಕೊಡಬೇಕು, ಹಸಿರು ಅಂತ ಬಾಟಲಿ ಮೇಲೆ ಬರೆದುಕೊಳ್ಳುವವರು ಅವರೇ ತಾನೇ. 2015ರಲ್ಲಿ ದೇಶದೇಶಗಳ ಖಾಸಗಿ ಕಾನೂನು ಹೊಂದಿಸುವ ಸಂಸ್ಥೆ ಯುನಿಡ್ವಾ (UNIDROIT), ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ, ಅದರ ಕೃಷಿ ಅಭಿವೃದ್ಧಿ ನಿಧಿ ಐಫ್ಯಾಡ್ ಸೇರಿ ಗುತ್ತಿಗೆ ಕೃಷಿಗೆ ಒಂದು ಕಾನೂನು ಮಾರ್ಗದರ್ಶಿ ತಂದಿವೆ. ಯಾರ ಹೊಣೆ ಏನು, ಪರಿಸ್ಥಿತಿ ಬದಲಾದರೆ ಏನು ಮಾಡಬೇಕು ಅನ್ನುವುದೆಲ್ಲ ಅದರಲ್ಲಿದೆ. ಕರಾರು ತಿದ್ದಲು ಕೂರುವವರು ಒಮ್ಮೆ ತಿರುವಿ ಹಾಕಿ.

ಇನ್ನೊಬ್ಬರು, ಇದನ್ನೆಲ್ಲ ಹೊಲದಲ್ಲಿ ನೋಡಿಕೊಳ್ಳುವವರು ಯಾರು ಅಂತ ಕೇಳಿದರು. ವರ್ಷಕ್ಕೊಮ್ಮೆ ಕಾರಲ್ಲಿ ಬರುವ ಆಡಿಟರ್ ಅಂತೂ ಅಲ್ಲ. ವಾರ ವಾರ ಹೊಲಕ್ಕೆ ಬರುವವನು ಫೀಲ್ಡ್ ಆಫೀಸರ್. ಅವನ ಕಮಿಷನ್ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಿ ನೋಡಿ. ಮಾರಿದ ಮೂಟೆ, ಮಾರಿದ ಡಬ್ಬಿಯ ಮೇಲೆ ಕಮಿಷನ್ ಇದ್ದರೆ "ಈ ಸಲ ಮೇಲುಗೊಬ್ಬರ ಬೇಡ ಯಜಮಾನರೇ" ಅನ್ನುವ ಮಾತು ಅವನ ಬಾಯಿಂದ ಬರುವುದಿಲ್ಲ. ಅವನಿಗೆ ನಿಗದಿತ ಸಂಬಳ ಕೊಟ್ಟು, ಬೀಜ ತಲುಪಿಸಿದ ದಿನ ಮತ್ತು ಸಾಲವೆಲ್ಲ ತೀರಿ ರೈತರ ಕೈಗೆ ಉಳಿದ ದುಡ್ಡು, ಇವೆರಡನ್ನೇ ಅವನ ಕೆಲಸದ ಅಳತೆ ಮಾಡಬೇಕು. ಕರಾರಿಗೆ ಸಹಿ ಹಾಕುವ ಮೊದಲು ಗುಂಪಿನವರು ಈ ಪ್ರಶ್ನೆಯನ್ನು ಅವನೆದುರಿಗೇ ಕೇಳಲಿ.